ಎಲ್ಲರೂ ಒಟ್ಟಿಗೆ ಬರೆಯುವ ಜಾಗ

ಈಗ ಕೆಲಸಕ್ಕೆ ಸೇರುವ ಮಕ್ಕಳು ನನ್ನನ್ನು ಕಂಡಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಯಾವ ಡೇಟಾಬೇಸ್ ಒಳ್ಳೇದು ಮೇಡಂ?" ಸಂತೆಯಲ್ಲಿ ಯಾವ ಬದನೆಕಾಯಿ ಒಳ್ಳೆಯದು ಎಂದು ಕೇಳಿದ ಹಾಗಿರುತ್ತದೆ. ನನಗೆ ಒಂದು ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಬಿಡದಿಯ ಕಾರ್ಖಾನೆಯಲ್ಲಿ ತಗಡು ಒತ್ತುವ ನಮ್ಮ ಪ್ರೆಸ್ ಶಾಪು ಕಣ್ಣ ಮುಂದೆ ನಿಲ್ಲುತ್ತದೆ. ಡೇಟಾಬೇಸ್ ಎಂದರೇನು ಎನ್ನುವುದನ್ನು ನಾನು ಓದಿ ಪಾಸಾಗಿದ್ದೆ, ನಿಜ. ಆದರೆ ಅದು ಅರ್ಥವಾದದ್ದು ಒಂದು ಉಕ್ಕಿನ ಅಚ್ಚು ಗಾಳಿಯಲ್ಲಿ ವಾಲಿದ ದಿನ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ. ಇದನ್ನು ಮಾತ್ರ ಹೇಳುತ್ತೇನೆ.

ನಾನು ಕೂಟಗಲ್ಲಿನವಳು. ಮನೆಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ ಬೆಂಗಳೂರಿನ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಬಹಳ ವರ್ಷ ಇದ್ದೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಬಿಡದಿ ಸುತ್ತಮುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದವು. ನಮ್ಮ ಕಂಪನಿಯೂ ಅಲ್ಲಿ ಕಾರಿನ ತಗಡಿನ ಭಾಗಗಳನ್ನು ಮಾಡುವ ಹೊಸ ಘಟಕ ತೆರೆಯಿತು. ಗಂಡನ ಮನೆ ರಾಮನಗರದಲ್ಲಿದ್ದುದರಿಂದ ನಾನೇ ಕೇಳಿ ವರ್ಗ ಮಾಡಿಸಿಕೊಂಡೆ. ಚನ್ನಪಟ್ಟಣದಿಂದ ಹೊರಡುವ ಕಂಪನಿ ಬಸ್ಸು ಕೆಂಗಲ್ಲಿನಲ್ಲಿ ನಿಂತು, ರಾಮನಗರಕ್ಕೆ ಬಂದು ನನ್ನನ್ನು ಹತ್ತಿಸಿಕೊಳ್ಳುತ್ತಿತ್ತು.

ಮೊದಲ ದಿನ ಟೂಲ್ ರೂಮಿನ ಮ್ಯಾನೇಜರ್ ನಂಜೇಗೌಡರು ನನ್ನನ್ನು ಪ್ರೆಸ್ ಶಾಪಿನೊಳಗೆ ಕರೆದುಕೊಂಡು ಹೋದರು. ಅವರು ಬೈರಮಂಗಲದವರು. ಐ.ಟಿ.ಐ. ಓದಿ, ಕೈಯಲ್ಲಿ ಅರ ಹಿಡಿದು ಕೆಲಸ ಶುರು ಮಾಡಿ ಮ್ಯಾನೇಜರ್ ಆದವರು. ಮನೆಗಿಂತ ಎತ್ತರದ ಪ್ರೆಸ್ಸುಗಳು ಸಾಲಾಗಿ ನಿಂತಿದ್ದವು. ಚಪ್ಪಟೆ ತಗಡು ಒಂದು ಕಡೆಯಿಂದ ಒಳಗೆ ಹೋಗುತ್ತಿತ್ತು. ಮೇಲಿನಿಂದ ಅಚ್ಚು ಇಳಿದು ಒತ್ತುತ್ತಿತ್ತು. ಕಾಲ ಕೆಳಗಿನ ನೆಲ ಅದುರಿ ಆ ಅದುರು ಹಲ್ಲಿನವರೆಗೆ ಬರುತ್ತಿತ್ತು. ಅಚ್ಚು ಮೇಲೆದ್ದಾಗ ಅಲ್ಲಿ ಒಂದು ಕಾರಿನ ಬಾಗಿಲು ಮಲಗಿರುತ್ತಿತ್ತು. ಇನ್ನೊಂದು ಸಲ ಇಳಿದರೆ ಇನ್ನೊಂದು ಬಾಗಿಲು.

"ಹೆಂಗೈತೆ?" ಎಂದರು ಗೌಡರು.

ನಾನು ಆ ಬಾಗಿಲನ್ನೇ ನೋಡುತ್ತಿದ್ದೆ.

"ನಂಗೂ ಹಂಗೇ ಆಗಿತ್ತು ಬುಡಿ ಮೊದಲ್ನೇ ದಿನ. ಬಾಯಿಂದ ಮಾತೇ ಬರ್ನಿಲ್ಲ," ಎಂದು ನಕ್ಕರು.

ಆ ಅಚ್ಚಿಗೆ ಡೈ ಎನ್ನುತ್ತಾರೆ. ಅದನ್ನು ಮಾಡುವುದೇ ಟೂಲ್ ರೂಮಿನ ಕೆಲಸ. ಒಂದು ಡೈ ಎಂದರೆ ಒಂದು ಪ್ರಾಜೆಕ್ಟ್. ನಕ್ಷೆ ಬರೆಯಬೇಕು, ಎರಕ ತರಿಸಬೇಕು, ಕೊರೆಯಬೇಕು, ಜೋಡಿಸಬೇಕು, ಪ್ರೆಸ್ಸಿಗೆ ಹಾಕಿ ನೋಡಬೇಕು, ತಿದ್ದಬೇಕು, ಮತ್ತೆ ಹಾಕಿ ನೋಡಬೇಕು. ಹೀಗೆ ಹತ್ತಾರು ಡೈಗಳು ಒಂದೇ ಹೊತ್ತಿಗೆ ಬೇರೆಬೇರೆ ಹಂತದಲ್ಲಿ ಇರುತ್ತಿದ್ದವು. ಯಾವುದು ಎಲ್ಲಿಗೆ ಬಂದಿದೆ, ಯಾರ ಕೈಯಲ್ಲಿದೆ, ಏನು ತಿದ್ದಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುವಂತೆ ಇಡುವುದು ನನ್ನ ಕೆಲಸ.

ನಾನು ಹೋದಾಗ ಅದೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿತ್ತು. ಒಬ್ಬರು ತೆರೆದಿದ್ದರೆ ಇನ್ನೊಬ್ಬರಿಗೆ ಬರೆಯಲು ಬಿಡುತ್ತಿರಲಿಲ್ಲ. ಕಾಯುವ ಪುರುಸೊತ್ತು ಯಾರಿಗಿದೆ? ತಮ್ಮದೇ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ಬರೆದು, ಆಮೇಲೆ ಹಳೆಯದರ ಮೇಲೆ ಇಟ್ಟುಬಿಡುತ್ತಿದ್ದರು. ನಡುವೆ ಬೇರೆಯವರು ಬರೆದದ್ದು ಹೇಳಹೆಸರಿಲ್ಲದೆ ಹೋಗುತ್ತಿತ್ತು. ಒಮ್ಮೆ ಬಾನೆಟ್ಟಿನ ಡೈ ಒಂದರ ಮೂಲೆಯ ತಿರುವನ್ನು ಸ್ವಲ್ಪ ದೊಡ್ಡದು ಮಾಡಿ ಎಂದು ಕಾರು ಕಂಪನಿಯವರು ಹೇಳಿದ್ದರು. ಆ ಮಾತು ಹೀಗೆ ಅಳಿಸಿಹೋಗಿ, ಡೈ ಹಳೆಯ ನಕ್ಷೆಯಂತೆಯೇ ತಯಾರಾಯಿತು. ಅವರ ಜನ ಬಂದು, ಪ್ರೆಸ್ಸಿನಿಂದ ಹೊರಬಂದ ಬಾನೆಟ್ಟಿನ ಮೂಲೆಯಲ್ಲಿ ಸುಕ್ಕು ನೋಡಿ, ಡೈಯನ್ನು ಒಪ್ಪದೆ ಹೋದರು.

"ಯಾರು ಅಳಿಸಿದ್ದು?" ಎಂದು ಗೌಡರು ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಯಾರೂ ಅಳಿಸಿರಲಿಲ್ಲ. ಎಲ್ಲರೂ ಬರೆದೇ ಇದ್ದರು. ಅದನ್ನು ಗೌಡರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಇದಕ್ಕೆ ಪರಿಹಾರ ತಂದವನು ಅನ್ವರ್. ಚನ್ನಪಟ್ಟಣದವನು, ಡೈಗಳ ನಕ್ಷೆ ಮಾಡುತ್ತಿದ್ದ ಎಂಜಿನಿಯರ್. ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು, "ಮೇಡಂ, ಒಸಿ ಇಲ್ಲಿ ನೋಡಿ," ಎಂದ. ಸಾಫ್ಟ್‌ವೇರ್ ಮಾಡುವವರು ತಮ್ಮ ಕೆಲಸಗಳ ಜಾಡು ಇಟ್ಟುಕೊಳ್ಳಲು ಬಳಸುವ ಒಂದು ಪ್ರೋಗ್ರಾಂ ಅವನಿಗೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತ್ತು. "ಅವ್ರು ಪ್ರೋಗ್ರಾಂ ತಪ್ಪು ಅಂತ ಬರ್ಕೊಂಡವ್ರೆ. ನಾವು ಅಲ್ಲಿ ಡೈ ತಿದ್ದುಪಡಿ ಅಂತ ಹಾಕ್ಕೊಂಡ್ರೆ ಆಯ್ತು. ಒಂದೊಂದು ಕೆಲ್ಸಕ್ಕೆ ಒಂದೊಂದು ಟಿಕೆಟ್."

"ಟಿಕೆಟ್ ಅಂದ್ರೆ? ಬಸ್ಸಿಂದಾ?" ಎಂದರು ಅಲ್ಲೇ ನಿಂತಿದ್ದ ಗೌಡರು. ಅವತ್ತಿನಿಂದ ಇಡೀ ಶಾಪಿನಲ್ಲಿ ಹೊಸ ಕೆಲಸ ಬರೆಸುವುದಕ್ಕೆ "ಟಿಕೆಟ್ ಹರಿಸೋದು" ಎಂಬ ಮಾತೇ ನಿಂತಿತು.

ಪ್ರೋಗ್ರಾಂ ಹಾಕುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಟಿಕೆಟ್ಟುಗಳನ್ನೆಲ್ಲ ಯಾವ ಡೇಟಾಬೇಸಿನಲ್ಲಿ ಇಡಬೇಕು? ನಾವೇನೂ ಹೇಳದಿದ್ದರೆ ಎಸ್‌ಕ್ಯೂಲೈಟ್ ಎಂಬುದನ್ನು ಅದೇ ಆರಿಸಿಕೊಳ್ಳುತ್ತಿತ್ತು. ಎಲ್ಲವೂ ಒಂದೇ ಕಡತದಲ್ಲಿ. ಅದನ್ನು ನೋಡಿಕೊಳ್ಳಲು ಬೇರೆ ಸರ್ವರ್ ಬೇಡ, ಬೇರೆ ಆಳು ಬೇಡ. ಟೂಲ್ ರೂಮಿನ ನಾಲ್ಕಾರು ಜನರ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಇಷ್ಟು ಸಣ್ಣ ವಸ್ತು ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದನ್ನು ನೋಡಿ ನಾನು ಬೆರಗಾಗಿದ್ದೆ. ಈಗಲೂ ಅದರ ಮೇಲೆ ನನಗೆ ಗೌರವವಿದೆ.

ಆದರೆ ನಾವು ನಿಂತಲ್ಲಿ ನಿಲ್ಲಲಿಲ್ಲ. ಟೂಲ್ ರೂಮಿನವರ ಸುಖ ನೋಡಿ ಪ್ರೆಸ್ ಶಾಪಿನವರು ನಮಗೂ ಬೇಕೆಂದರು. ಆಮೇಲೆ ಗುಣಮಟ್ಟ ನೋಡುವವರು, ರಿಪೇರಿಯವರು, ಕೊನೆಗೆ ಹಾರೋಹಳ್ಳಿ ಕಡೆ ಎದ್ದ ನಮ್ಮ ಇನ್ನೊಂದು ಶೆಡ್ಡಿನವರು. ಎಲ್ಲರೂ ಬರೆಯುತ್ತಿದ್ದುದು ಶಿಫ್ಟ್ ಮುಗಿಯುವ ಹೊತ್ತಿಗೆ, ಒಟ್ಟಿಗೆ. ಒಂದೇ ಕಡತದ ಡೇಟಾಬೇಸಿನಲ್ಲಿ ಒಂದು ಗಳಿಗೆಗೆ ಒಬ್ಬರು ಮಾತ್ರ ಬರೆಯಬಹುದು. ಉಳಿದವರು ಕಾಯಬೇಕು. ಬಹಳ ಹೊತ್ತು ಕಾಯಬೇಕಾಗಿ ಬಂದರೆ 'ಡೇಟಾಬೇಸ್ ಬೀಗ ಹಾಕಿದೆ' ಎಂದು ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ಸಾಲೊಂದು ಬರುತ್ತಿತ್ತು. ಜನ ಅದನ್ನು ನೋಡಿಯೂ ನೋಡದಂತೆ ಎದ್ದು ಬಸ್ಸಿಗೆ ಓಡುತ್ತಿದ್ದರು. ದೊಡ್ಡ ಡೇಟಾಬೇಸಿಗೆ ಹೋಗಬೇಕೆಂದು ನಾನೂ ಅನ್ವರನೂ ಮಾತಾಡಿಕೊಳ್ಳುತ್ತಿದ್ದ ದಿನಗಳೇ ಅವು.

ಅಂಥ ಒಂದು ಸಂಜೆ ರಿಪೇರಿಯವನೊಬ್ಬ ಒಂದು ದೊಡ್ಡ ಡೈಯ ಕೊಂಡಿಯಲ್ಲಿ ಬಿರುಕು ಕಂಡ. ಡೈಯ ಮೂಲೆಗಳಲ್ಲಿ ಇರುವ ಈ ಕೊಂಡಿಗಳಿಗೆ ಸರಪಳಿ ಸಿಕ್ಕಿಸಿಯೇ ಕ್ರೇನು ಅದನ್ನು ಎತ್ತುವುದು. ಅವನು ಶಿಫ್ಟಿನ ಇನ್‌ಚಾರ್ಜಿಗೆ ಹೇಳಿದ. ಇನ್‌ಚಾರ್ಜ್ ಕೂತು, 'ಕೊಂಡಿ ಬಿರುಕು, ಎತ್ತಬೇಡಿ' ಎಂದು ಟಿಕೆಟ್ ಟೈಪ್ ಮಾಡಿ ಒತ್ತಿದ. ಕೆಂಪು ಸಾಲು ಬಂತು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು ಮೇಲಿನ ಕೋಣೆಯಲ್ಲಿದ್ದೆ. ಪ್ರೆಸ್ಸುಗಳ ಸದ್ದಿಗೆ ಒಂದು ತಾಳವಿರುತ್ತದೆ. ಕೆಲವು ತಿಂಗಳಲ್ಲಿ ಅದು ಕಿವಿಗೆ ಕೇಳಿಸುವುದೇ ನಿಂತುಹೋಗಿರುತ್ತದೆ. ಅವತ್ತು ತಾಳಕ್ಕೆ ಸೇರದ ಒಂದು ಸದ್ದು ಬಂತು. ಮೇಜಿನ ಮೇಲಿದ್ದ ಕಾಫಿ ಲೋಟ ಉರುಳಿತು. ಆಮೇಲೆ ಒಂದೊಂದಾಗಿ ಎಲ್ಲ ಪ್ರೆಸ್ಸುಗಳೂ ನಿಂತವು. ಆ ಕಟ್ಟಡದಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ.

ಕೆಳಗೆ ಓಡಿದೆ. ಡೈ ಒಂದು ಮೂಲೆಯ ಮೇಲೆ ನೆಲಕ್ಕೆ ನೆಟ್ಟುಕೊಂಡು ನಿಂತಿತ್ತು. ಕಾಂಕ್ರೀಟು ನೆಲ ಒಣಗಿದ ಕೆರೆಯ ಮಣ್ಣಿನಂತೆ ಬಿರಿದಿತ್ತು. ಮುರಿದ ಕೊಂಡಿ ಸರಪಳಿಯ ತುದಿಯಲ್ಲಿ ಇನ್ನೂ ತೂಗಾಡುತ್ತಿತ್ತು. ಸ್ವಲ್ಪ ದೂರದಲ್ಲಿ ಕೆಳಗೇ ನಿಂತು ಕ್ರೇನ್ ನಡೆಸುತ್ತಿದ್ದ ಹೊಂಬಯ್ಯ ನೆಲದ ಮೇಲೆ ಕೂತಿದ್ದ. ಕನಕಪುರದ ಕಡೆಯವನು, ಕುರಿ ಸಾಕುವ ಮನೆಯವನು. ಗಟ್ಟಿ ಆಳು. ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಅವನು ಪಕ್ಕಕ್ಕೆ ಹಾರಿದಾಗ ತಲೆಯಿಂದ ಕಳಚಿದ ಹೆಲ್ಮೆಟ್ ಮಾತ್ರ ಡೈಯ ಅಡಿಗೆ ಸಿಕ್ಕಿ ತಟ್ಟೆಯಷ್ಟು ಚಪ್ಪಟೆಯಾಗಿತ್ತು. ಅವನು ಅದನ್ನೇ ನೋಡುತ್ತಿದ್ದ.

"ಸರೋಜಕ್ಕ," ಎಂದ ನನ್ನನ್ನು ಕಂಡು, "ಈಗ್ತಾನೆ ಅದ್ರೊಳಗೆ ನನ್ ತಲೆ ಇತ್ತು ಕಣಕ್ಕ."

ನಾನು ಅವನ ಪಕ್ಕದಲ್ಲೇ ಕೂತೆ.

ವಿಚಾರಣೆ ನಡೆಯಿತು. ಬಿರುಕು ಕಂಡವನು ಹೇಳಿದ್ದ, ಕೇಳಿದವನು ಬರೆದಿದ್ದ. ಆದರೆ ಬರೆದದ್ದು ಎಲ್ಲೂ ಇರಲಿಲ್ಲ. ಗೌಡರು ಅಂದೇ ಒಂದು ಆಜ್ಞೆ ಹೊರಡಿಸಿದರು. "ಕಂಪ್ಯೂಟ್ರಲ್ಲಿ ಬರೆಯೋದು ಆಮ್ಯಾಕೆ. ಮೊದ್ಲು ಕೊಂಡಿಗೆ ಕೆಂಪು ಬಳೀರಿ. ಸರಪಳಿ ಸಿಕ್ಸೋ ತೂತಿಗೆ ಮರದ ಬೆಣೆ ಹೊಡೀರಿ. ಎತ್ತಬೇಕು ಅಂದ್ರೂ ಎತ್ತಾಕಾಗ್ಬಾರ್ದು." ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮನುಷ್ಯನ ಜೀವವನ್ನು ಒಂದು ಪರದೆಯ ಒಂದು ಸಾಲಿನ ಮೇಲೆ ಬಿಡಬೇಡಿ, ಆ ಸಾಲನ್ನು ನೀವು ಎಷ್ಟೇ ಚೆನ್ನಾಗಿ ಕಾಪಾಡಿದ್ದರೂ.

ಬೆಂಗಳೂರಿನ ಮುಖ್ಯ ಕಚೇರಿಯಿಂದ ಕಂಪ್ಯೂಟರ್ ವಿಭಾಗದ ಶ್ರೀಧರ್ ಬಂದರು. ಒಳ್ಳೆಯವರೇ. "ಪುಕ್ಕಟೆ ಸಿಕ್ಕಿದ್ದನ್ನು ನಂಬಿಕೊಂಡು ಫ್ಯಾಕ್ಟರಿ ನಡೆಸೋಕಾಗಲ್ಲ. ನಮ್ಮಲ್ಲಿ ದೊಡ್ಡ ಡೇಟಾಬೇಸ್ ಇದೆ. ನಿಮ್ಮ ಸರದಿ ಬಂದಾಗ ಅದಕ್ಕೆ ಸೇರಿಸಿಕೊಳ್ತೀವಿ. ಅಲ್ಲಿವರೆಗೂ ಎಕ್ಸೆಲ್ಲಿಗೆ ಹೋಗಿ," ಎಂದರು. ಸರದಿ ಎಂದು ಬರುತ್ತದೋ ಅವರಿಗೂ ಗೊತ್ತಿರಲಿಲ್ಲ.

ಗೌಡರು ನನ್ನ ಕಡೆ ತಿರುಗಿದರು. "ಸರೋಜಮ್ಮ, ಪುಕ್ಕಟೆನೋ ಕಾಸು ಕೊಟ್ಟಿದ್ದೋ, ನಂಗದು ಬ್ಯಾಡ. ಎಲ್ರೂ ಒಟ್ಗೆ ಬರೀಬೇಕು. ಬರ್ದಿದ್ದು ಇರ್ಬೇಕು. ಅಂತಾದ್ದು ಐತಾ?"

"ಇದೆ ಸರ್. ಯಾವುದು ಅಂತ ಆರಿಸೋಕೆ ಒಂದಷ್ಟು ದಿನ ಬೇಕು."

"ಆರ್ಸೋದು ನೀವು. ಒರೆ ಹಚ್ಚಿ ನೋಡೋದು ನಾನು." ಆಮೇಲೆ ಶ್ರೀಧರರಿಗೆ ಹೇಳಿದರು, "ನೀವೂ ಬನ್ನಿ ಅವತ್ತು. ನಿಂತ್ರೆ ಇಟ್ಕೋತೀವಿ. ಬಿದ್ರೆ ನೀವ್ ಹೇಳ್ದಂಗೆ."

ನಾನೂ ಅನ್ವರನೂ ಕೂತೆವು. ಸರ್ವರಿನಲ್ಲಿ ನಡೆಯುವ ಎರಡು ದೊಡ್ಡ ಡೇಟಾಬೇಸುಗಳು ಆಗ ಪುಕ್ಕಟೆ ಸಿಗುತ್ತಿದ್ದವು. ಅವುಗಳಲ್ಲಿ ಒಂದರ ಜೊತೆ ನಡೆಯುವುದು ಇನ್ನೂ ಪ್ರಯೋಗದ ಹಂತದಲ್ಲಿದೆ ಎಂದು ನಮ್ಮ ಟಿಕೆಟ್ ಪ್ರೋಗ್ರಾಂ ಮಾಡಿದವರೇ ಬರೆದಿದ್ದರು. ಹಾಗಾಗಿ ಇನ್ನೊಂದನ್ನು, ಪೋಸ್ಟ್‌ಗ್ರೆಸ್ ಎಂಬುದನ್ನು, ಪರೀಕ್ಷೆಗೆ ತೆಗೆದುಕೊಂಡೆವು. ಇಂಟರ್ನೆಟ್ಟಿನಲ್ಲಿ ಯಾವುದು ವೇಗ, ಯಾವುದು ನಿಧಾನ ಎಂದು ಜನ ಜಗಳವಾಡುತ್ತಿದ್ದರು. ಆ ಜಗಳದಿಂದ ನನಗೆ ಏನೂ ಸಿಗಲಿಲ್ಲ. ನಮ್ಮ ಶಿಫ್ಟ್ ಬದಲಾಗುವ ಹೊತ್ತಿನಂಥದ್ದೇ ಒಂದು ಹೊತ್ತನ್ನು ಸೃಷ್ಟಿಸಬೇಕಿತ್ತು. ಎಲ್ಲ ವಿಭಾಗದವರೂ ಒಟ್ಟಿಗೆ ಟಿಕೆಟ್ ಒತ್ತಿದಂತೆ ಮಾಡುವ ಒಂದು ಪುಟ್ಟ ಪ್ರೋಗ್ರಾಂ ಅನ್ವರ್ ಬರೆದ.

ಅದನ್ನು ಓಡಿಸಿದೆವು. ಹತ್ತಾರು ಕಡೆಯಿಂದ ಒಂದೇ ಗಳಿಗೆಯಲ್ಲಿ ಬರವಣಿಗೆ ಬಂತು. ಕೆಂಪು ಸಾಲು ಬರಲಿಲ್ಲ. ಅನ್ವರ್ ಬರೆಯುವವರ ಸಂಖ್ಯೆಯನ್ನು ಇಮ್ಮಡಿ ಮಾಡಿದ, ಆಮೇಲೆ ಮತ್ತೂ ಇಮ್ಮಡಿ. ಅದು ನಿಧಾನವಾಯಿತೇ ಹೊರತು ಯಾರನ್ನೂ ವಾಪಸು ಕಳಿಸಲಿಲ್ಲ. ಒಬ್ಬರು ಒಂದು ಟಿಕೆಟ್ ತಿದ್ದುತ್ತಿರುವಾಗಲೇ ಇನ್ನೊಬ್ಬರು ಅದೇ ಟಿಕೆಟ್ ಓದಿದರೆ, ತಿದ್ದುವುದು ಮುಗಿಯುವವರೆಗೂ ಅವರಿಗೆ ಹಳೆಯದೇ ಪೂರ್ತಿಯಾಗಿ ಕಾಣುತ್ತಿತ್ತು. ಮುಗಿದೊಡನೆ ಹೊಸದು ಪೂರ್ತಿಯಾಗಿ ಕಾಣುತ್ತಿತ್ತು. ಅರ್ಧಂಬರ್ಧ ಎಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಷ್ಟು ಜನರಿಗೆ ಒಂದೇ ವಸ್ತುವನ್ನು ಕೊಟ್ಟು, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಂತೆ ನೋಡಿಕೊಳ್ಳುವುದು ಹೇಗೆ? ಕೈಪಿಡಿಯ ಆ ಅಧ್ಯಾಯವನ್ನು ನಾನು ಬಸ್ಸಿನಲ್ಲಿ ಓದುತ್ತಿದ್ದೆ. ಓದುತ್ತಾ ಓದುತ್ತಾ ನನ್ನ ಸ್ಟಾಪು ದಾಟಿ ಕೆಂಗಲ್ಲಿನಲ್ಲಿ ಇಳಿದದ್ದುಂಟು.

ಕರೆಂಟಿನ ಪರೀಕ್ಷೆ ಮಾತ್ರ ನಮ್ಮ ಬೆವರಿಳಿಸಿತು. ಬಿಡದಿಯಲ್ಲಿ ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ಯುಪಿಎಸ್ಸುಗಳೂ ಆಗಾಗ ಕೈಕೊಡುತ್ತಿದ್ದವು. ಪ್ರೋಗ್ರಾಂ ಓಡುತ್ತಿರುವಾಗಲೇ ಸರ್ವರಿನ ಪ್ಲಗ್ ಕಿತ್ತು ಮತ್ತೆ ಹಾಕಿದೆವು. ಡೇಟಾಬೇಸ್ ತಾನಾಗಿ ಎದ್ದಿತು. ಆದರೆ 'ಬರೆದಾಯಿತು' ಎಂದು ಅದು ಮಾತು ಕೊಟ್ಟಿದ್ದ ಒಂದು ಟಿಕೆಟ್ ಇರಲಿಲ್ಲ.

ಅನ್ವರ್ ತಲೆಯ ಮೇಲೆ ಕೈ ಹೊತ್ತು ಕೂತ. "ಇದೂ ಅಷ್ಟೇನಾ ಮೇಡಂ?"

ಆ ಡೇಟಾಬೇಸನ್ನು ಮಾಡುವವರಿಗೂ ಬಳಸುವವರಿಗೂ ಒಂದು ಮೇಲಿಂಗ್ ಲಿಸ್ಟ್ ಇತ್ತು. ಯಾರು ಬೇಕಾದರೂ ಬರೆಯಬಹುದು, ಗೊತ್ತಿದ್ದವರು ಉತ್ತರ ಕೊಡುತ್ತಾರೆ. ನಡೆದದ್ದನ್ನೆಲ್ಲ ನನ್ನ ಡಿಪ್ಲೊಮಾ ಮಟ್ಟದ ಇಂಗ್ಲಿಷಿನಲ್ಲಿ ಬರೆದು, ಮಾದರಿಗೆಂದು ನಮ್ಮ ಕೆಲವು ಟಿಕೆಟ್ಟುಗಳನ್ನೂ ಸೇರಿಸಿ ಕಳಿಸಿದೆ. ಮಾರನೆಯ ದಿನ ಬರುವಷ್ಟರಲ್ಲಿ ಉತ್ತರ ಕಾದಿತ್ತು. ನಾನು ಯಾವತ್ತೂ ನೋಡದ ದೇಶದ, ಯಾವತ್ತೂ ನೋಡದ ಒಬ್ಬ ಹಿರಿಯರು ಬಹಳ ವಿವರವಾಗಿ ಬರೆದಿದ್ದರು. ಬೈದಿರಲಿಲ್ಲ, ಕೈಪಿಡಿ ಓದು ಎಂದು ತಳ್ಳಿಯೂ ಇರಲಿಲ್ಲ. ಮೊದಲ ಸಾಲಿನಲ್ಲೇ ಒಂದು ಪ್ರಶ್ನೆ ಇತ್ತು: ನಿಮ್ಮ ಡಿಸ್ಕ್ ನಿಜ ಹೇಳುತ್ತಿದೆ ಎಂದು ನಿಮಗೆ ಹೇಗೆ ಗೊತ್ತು?

ವಿಷಯ ಹೀಗಿತ್ತು. ಈ ಡೇಟಾಬೇಸ್ ಏನನ್ನಾದರೂ ಮಾಡುವ ಮೊದಲು, ತಾನು ಏನು ಮಾಡಲಿದ್ದೇನೆ ಎಂಬುದನ್ನು ಡಿಸ್ಕಿನ ಒಂದು ಬೇರೆ ಜಾಗದಲ್ಲಿ ಬರೆದುಕೊಳ್ಳುತ್ತದೆ. ಅದು ಡಿಸ್ಕಿಗೆ ಇಳಿದ ಮೇಲೆಯೇ ನಮಗೆ 'ಆಯಿತು' ಎನ್ನುತ್ತದೆ. ನಡುವೆ ಕರೆಂಟು ಹೋದರೆ ಎದ್ದ ಕೂಡಲೇ ಅದನ್ನು ಓದಿ, ಉಳಿದದ್ದನ್ನು ಮುಗಿಸುತ್ತದೆ. ಆದರೆ ನಮ್ಮ ಅಗ್ಗದ ಡಿಸ್ಕ್ ಬರವಣಿಗೆಯನ್ನು ತನ್ನದೇ ಪುಟ್ಟ ನೆನಪಿನಲ್ಲಿ ಇಟ್ಟುಕೊಂಡು, ಕೆಳಗೆ ಇಳಿಸುವ ಮೊದಲೇ 'ಇಳಿಸಿದೆ' ಎಂದುಬಿಡುತ್ತಿತ್ತು. ವೇಗವಾಗಿ ಕಾಣಲೆಂದು ಡಿಸ್ಕ್ ಮಾಡುವವರು ಇಟ್ಟ ಉಪಾಯ ಅದು. ಅದನ್ನು ನಿಲ್ಲಿಸುವ ಬಗೆಯನ್ನೂ ಆ ಹಿರಿಯರೇ ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು. ನೀವು ಕಳಿಸಿದ ಮಾದರಿಯಲ್ಲಿ ದುಂಡು ದುಂಡಾದ ಒಂದು ಲಿಪಿ ಇದೆ, ಬಹಳ ಚೆಂದವಿದೆ, ಯಾವ ಭಾಷೆ, ಅಲ್ಲಿ ಏನು ಬರೆದಿದೆ?

ಅಲ್ಲಿ ಪ್ರೆಸ್ ಶಾಪಿನವರು 'ಎಣ್ಣೆ ಸೋರ್ತಾ ಐತೆ, ಬೇಗ ಬನ್ರಪ್ಪ' ಎಂದು ಬರೆದಿದ್ದರು. ಕನ್ನಡ ಎಂಬ ಭಾಷೆ ಎಂದು ತಿಳಿಸಿ, ಅದರ ಅರ್ಥವನ್ನೂ ಬರೆದು ಕಳಿಸಿದೆ. ಎಣ್ಣೆ ನಿಂತಿತೇ ಎಂದು ಅವರು ಮರು ಉತ್ತರ ಬರೆದರು.

ನಾನು ಬಹಳ ಹೊತ್ತು ಆ ಪತ್ರವನ್ನೇ ನೋಡುತ್ತಿದ್ದೆ. ಇವರಿಗೂ ಬಿಡದಿಗೂ ಏನು ಸಂಬಂಧ? ಹೊಂಬಯ್ಯನ ಹೆಸರು ಕೂಡ ಇವರಿಗೆ ಗೊತ್ತಿಲ್ಲ. ಇವರಂಥ ನೂರಾರು ಜನ ಲೋಕದ ಮೂಲೆಮೂಲೆಗಳಲ್ಲಿ ಕೂತು, ಒಬ್ಬರ ತಪ್ಪನ್ನು ಒಬ್ಬರು ತಿದ್ದುತ್ತಾ ಇದನ್ನು ಕಟ್ಟಿದ್ದಾರೆ. ಕಟ್ಟಿ, ಬೇಕಾದವರು ತೆಗೆದುಕೊಳ್ಳಿ ಎಂದು ಹೊರಗೆ ಇಟ್ಟಿದ್ದಾರೆ. ಬೆಟ್ಟದ ಬಂಡೆಗಳನ್ನು ನೋಡಿ ಬೆಳೆದವಳು ನಾನು, ದೊಡ್ಡದನ್ನು ಕಂಡು ದಂಗಾಗುವುದು ನನಗೆ ಹೊಸದಲ್ಲ. ಅವತ್ತು ಆದದ್ದು ಅದಕ್ಕಿಂತ ಹೆಚ್ಚು.

ಆ ಹಿರಿಯರು ಹೇಳಿದಂತೆ ಡಿಸ್ಕನ್ನು ಸರಿಮಾಡಿಕೊಂಡೆವು. ಒರೆ ಹಚ್ಚುವ ದಿನ ಬಂತು. ಬೆಳಗಿನ ಚಹಾ ಮುಗಿದ ಮೇಲೆ ಗೌಡರು ಎಲ್ಲ ವಿಭಾಗದವರನ್ನೂ ಅವರವರ ಕಂಪ್ಯೂಟರಿನ ಮುಂದೆ ಕೂರಿಸಿದರು. ಶ್ರೀಧರ್ ಸರ್ವರಿನ ಪಕ್ಕ ಕೈಕಟ್ಟಿ ನಿಂತರು. ಪರೀಕ್ಷೆಯ ರೀತಿ ಸರಳ. ಎಲ್ಲರೂ ತಮಗೆ ತೋಚಿದ ಟಿಕೆಟ್ ಬರೆದು ಒತ್ತುತ್ತಾ ಇರಬೇಕು. 'ಬರೆದಾಯಿತು' ಎಂದು ಬಂದ ಟಿಕೆಟ್ಟುಗಳ ನಂಬರನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳಬೇಕು.

"ಬರೀರಪ್ಪ!" ಎಂದು ಗೌಡರು ಕೂಗಿದರು. ಕೀಲಿಮಣೆಗಳ ಸದ್ದು ಎದ್ದಿತು. ಗೌಡರು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಯಾರಿಗೂ ಹೇಳದೆ ಬಗ್ಗಿ, ಸರ್ವರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು.

ಫ್ಯಾನು ನಿಂತಿತು. ಅನ್ವರ್ ಕಣ್ಣು ಮುಚ್ಚಿಕೊಂಡ.

ಪ್ಲಗ್ ಹಾಕಿದೆ. ಸರ್ವರ್ ಏಳುವಾಗ ಪರದೆಯ ಮೇಲೆ ಸಾಲುಗಳು ಬಂದವು. ಕಳೆದ ಸಲ ಸರಿಯಾಗಿ ಮುಚ್ಚಿಲ್ಲ, ಚೇತರಿಕೆ ನಡೆಯುತ್ತಿದೆ, ಎಂದಿತು. ಒಂದೆರಡು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಆಮೇಲೆ, ಸಿದ್ಧ, ಎಂದಿತು. ಅಷ್ಟೇ.

ಜನ ತಮ್ಮ ಚೀಟಿ ಹಿಡಿದು ನೋಡತೊಡಗಿದರು. "ನಂದೈತೆ," ಎಂದಿತು ಒಂದು ದನಿ. "ನಂದೂ ಐತೆ." "ನಂದು ಆಯ್ತು ಅಂತ ಬಂದಿರ್ನಿಲ್ಲ, ಇಲ್ಲ ಕಣ್ಲಾ ಇದ್ರಲ್ಲಿ." ಬರೆದಾಯಿತು ಎಂದದ್ದೆಲ್ಲ ಇತ್ತು. ಎನ್ನದಿದ್ದದ್ದು ಇರಲಿಲ್ಲ. ಅರ್ಧ ಎಂಬುದು ಒಂದೂ ಇರಲಿಲ್ಲ.

ಶ್ರೀಧರ್ ತಾವೇ ಕೂತು ಒಂದೊಂದು ಚೀಟಿಯನ್ನೂ ತಾಳೆ ನೋಡಿದರು. "ಇನ್ನೊಂದು ಸಲ," ಎಂದರು. ಗೌಡರು ಇನ್ನೊಂದು ಸಲ ಕಿತ್ತರು. ಫಲ ಅದೇ.

ಆಗ ಗೌಡರು ಬಾಗಿಲ ಹತ್ತಿರ ನಿಂತಿದ್ದ ಹೊಂಬಯ್ಯನನ್ನು ಕರೆದರು. "ಬಾರ್ಲಾ ಇಲ್ಲಿ. ನೀನು ಕೀಳು."

"ನಾನ್ಯಾಕ್ ಸಾ?"

"ಬೀಳೋದು ಅಂದ್ರೇನು ಅಂತ ಇಲ್ಲಿ ನಿಂಗೊಬ್ಬಂಗೇ ಗೊತ್ತಿರೋದು. ಕೀಳು."

ಹೊಂಬಯ್ಯ ಕೈ ಒರೆಸಿಕೊಂಡು ಬಂದು, ಹಾವನ್ನು ಹಿಡಿಯುವವನಂತೆ ವೈರು ಹಿಡಿದು ಎಳೆದ. ಮತ್ತೆ ಕತ್ತಲಾದ ಪರದೆ, ಮತ್ತೆ ಅದೇ ಸಾಲುಗಳು. ಎಲ್ಲ ವಿಭಾಗಗಳಿಂದಲೂ "ಐತೆ, ಐತೆ" ಎಂಬ ಕೂಗು ಒಂದರ ಹಿಂದೆ ಒಂದು ಬಂತು. ಹೊಂಬಯ್ಯ ಕೈಯಲ್ಲಿದ್ದ ವೈರನ್ನೂ ಪರದೆಯನ್ನೂ ನೋಡಿದ.

"ಸರಪಳಿನೇ ಕಿತ್ಬುಟ್ಟೆ," ಎಂದ ಮೆಲ್ಲಗೆ, "ಆದ್ರೂ ಬೀಳ್ನಿಲ್ವಲ್ಲ ಸರೋಜಕ್ಕ!"

ಯಾರೂ ನಗಲಿಲ್ಲ.

ಶ್ರೀಧರ್ ಹೋಗುವಾಗ ನನ್ನ ಹತ್ತಿರ ಬಂದು, "ಆ ಡಿಸ್ಕಿನ ವಿಷಯ ನನಗೂ ಕಳಿಸಿ. ನಮ್ಮ ಸರ್ವರುಗಳನ್ನೂ ಒಂದು ಸಲ ಕೇಳಿ ನೋಡ್ಬೇಕು," ಎಂದರು. ದೊಡ್ಡ ಮನಸ್ಸಿನ ಮಾತು ಅದು.

ಹಳೆಯ ಟಿಕೆಟ್ಟುಗಳನ್ನು ಹೊಸ ಡೇಟಾಬೇಸಿಗೆ ಸಾಗಿಸುವುದು ಸುಲಭವಾಗಲಿಲ್ಲ. ಕೆಲವರು ಯಾವ್ಯಾವುದೋ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಅವರ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತಿದ್ದುದು ಬೇರೆ ಕಡೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅವನ್ನೆಲ್ಲ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಯೂನಿಕೋಡಿಗೆ ತಂದೆವು. ಕೆಲವಕ್ಕೆ ಬರೆದವರನ್ನೇ ಹುಡುಕಿಕೊಂಡು ಹೋಗಿ, ಇಲ್ಲಿ ಏನು ಬರೆದಿದ್ರಿ ಎಂದು ಕೇಳಬೇಕಾಯಿತು. ಎಲ್ಲ ಮುಗಿದ ಮೇಲೆ ಅನ್ವರ್ 'ಬಿರುಕು' ಎಂದು ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದ. ಬಿಡದಿಯದೂ ಹಾರೋಹಳ್ಳಿಯದೂ ಸೇರಿ, ಯಾವ್ಯಾವ ಡೈಯಲ್ಲಿ ಎಲ್ಲೆಲ್ಲಿ ಬಿರುಕು ಕಂಡಿತ್ತೋ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಎದುರು ನಿಂತವು. ಅದನ್ನು ನೋಡಿದ ಗೌಡರು ಎಲ್ಲ ಕೊಂಡಿಗಳನ್ನೂ ಬೇರೆ ಉಕ್ಕಿನಲ್ಲಿ ಮಾಡಿಸಿದರು. ಆಮೇಲೆ ನಾನಿದ್ದಷ್ಟು ಕಾಲ ಅಲ್ಲಿ ಯಾವ ಡೈಯೂ ಬೀಳಲಿಲ್ಲ.

ಶಿಫ್ಟ್ ಬದಲಾಗುವ ಹೊತ್ತಿಗೆ ನಾನು ಕೆಲವು ದಿನ ಸುಮ್ಮನೆ ಸರ್ವರಿನ ಪರದೆಯ ಮುಂದೆ ನಿಲ್ಲುತ್ತಿದ್ದೆ. ಮಾಗಡಿಯವರು, ಕನಕಪುರದವರು, ಚನ್ನಪಟ್ಟಣದವರು, ಇನ್ನೂ ಎಲ್ಲೆಲ್ಲಿಂದಲೋ ಬಂದವರು, ಅಂದಿನ ದುಡಿಮೆಯನ್ನು ಒಂದೇ ಗಳಿಗೆಯಲ್ಲಿ ಒಪ್ಪಿಸುತ್ತಿದ್ದರು. ಸಾಲುಗಳು ಮಳೆ ಹನಿಯಂತೆ ಬೀಳುತ್ತಿದ್ದವು. ಒಂದೂ ಇನ್ನೊಂದನ್ನು ಅಳಿಸುತ್ತಿರಲಿಲ್ಲ.

ವರ್ಷಗಳು ಉರುಳಿದವು. ಗೌಡರು ನಿವೃತ್ತರಾದರು. ಅನ್ವರ್ ಟೂಲ್ ರೂಮಿನ ಮ್ಯಾನೇಜರ್ ಆದ. ಕಂಪನಿ ಎಲ್ಲ ಘಟಕಗಳಿಗೂ ಒಂದೇ ದೊಡ್ಡ ವ್ಯವಸ್ಥೆ ತಂದಿತು. ಅದೂ ಚೆನ್ನಾಗಿಯೇ ಇತ್ತು. ನಮ್ಮ ಟಿಕೆಟ್ಟುಗಳನ್ನೆಲ್ಲ ಅದಕ್ಕೆ ಸೇರಿಸುವ ದಿನ ಗೊತ್ತಾಯಿತು. ಆ ಮಧ್ಯಾಹ್ನ ಎಲ್ಲರಿಗೂ ಪ್ರೋಗ್ರಾಂ ಮುಚ್ಚಿ ಹೊರಗೆ ಬನ್ನಿ ಎಂದು ಹೇಳಿ, ನಾನು ಕೂತು ಡೇಟಾಬೇಸಿಗೆ ನಿಲ್ಲುವ ಆಜ್ಞೆ ಕೊಟ್ಟೆ.

ಅದು ನಿಲ್ಲಲಿಲ್ಲ. ಯಾರೋ ಒಬ್ಬರು ಇನ್ನೂ ಒಳಗಿದ್ದರು. ಆ ಕಾಲದಲ್ಲಿ ನಮ್ಮ ಡೇಟಾಬೇಸಿನ ಸ್ವಭಾವವೇ ಹಾಗಿತ್ತು. ನಿಲ್ಲು ಎಂದರೆ ಹೊಸಬರನ್ನು ಒಳಗೆ ಬಿಡುತ್ತಿರಲಿಲ್ಲ. ಆದರೆ ಒಳಗಿರುವವರು ಮುಗಿಸಿ ಏಳುವವರೆಗೂ ತಾನು ನಿಲ್ಲುತ್ತಿರಲಿಲ್ಲ.

"ಹಾರೋಹಳ್ಳಿ ಶೆಡ್ಡಿಂದ ಯಾರೋ ಏನೋ ಬರೀತಾವ್ರೆ ಮೇಡಂ," ಎಂದು ಅನ್ವರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. "ಮೇಲಿನೋರು ಕಾಯ್ತಾವ್ರೆ. ಬಲವಂತವಾಗಿ ನಿಲ್ಸಿಬುಡ್ಲಾ?"

"ಬೇಡ ಕಣಪ್ಪ. ಅದು ಕಾಯ್ತಿದೆಯಲ್ಲ, ನಾವೂ ಕಾಯೋಣ."

ಯಾರು ಬರೆಯುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು. ಅಕ್ಷರ ಹುಡುಕಿ ಹುಡುಕಿ ಒತ್ತುವ ಕೈ ಇರಬೇಕು, ಬಹಳ ಹೊತ್ತು ಹಿಡಿಯಿತು. ಈ ಡೇಟಾಬೇಸ್ ಮಾಡಿದವರಿಗೆ ಬರೆಯುವವರ ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಆದರೂ ಹೀಗೆ ಎಲ್ಲೋ ಯಾರೋ ನಿಧಾನವಾಗಿ ಬರೆಯುತ್ತಿರಬಹುದು, ಅವರ ಮಾತು ಪೂರ್ತಿಯಾಗಲಿ ಎಂದು ಯೋಚಿಸಿ ಇಟ್ಟಿದ್ದರು. ಕೊನೆಗೆ ಆ ಒಂದು ಹೆಸರು ಪಟ್ಟಿಯಿಂದ ಹೋಯಿತು. ಆ ಟಿಕೆಟ್ ತನ್ನ ಜಾಗದಲ್ಲಿ ಪೂರ್ತಿಯಾಗಿ ಕೂತಿತು.

ಆಮೇಲೆ ಡೇಟಾಬೇಸ್ ನಿಂತಿತು.

"ಯಾಕ್ ಮೇಡಂ ನಿಂತ್ಬುಟ್ರಿ? ಕೂತ್ಕೊಳಿ," ಎಂದ ಅನ್ವರ್. ನೋಡಿಕೊಂಡರೆ, ಯಾವಾಗಲೋ ಏನೋ, ಹಿರಿಯರು ಎದ್ದು ಹೊರಟಾಗ ಏಳುವ ಹಾಗೆ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ.